ಲಮಲೆರಾದಲ್ಲಿ ಪಾಲು

ಈ ವಿಡಿಯೊದಲ್ಲಿ ತಿಮಿಂಗಿಲ ಬೇಟೆಯ ಒಂದು ದೃಶ್ಯವೂ ಇಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ತಿಮಿಂಗಿಲ ಬೇಟೆಗೆ ಹೆಸರಾದ ಇಂಡೋನೇಷ್ಯಾದ ಲಮಲೆರಾ ಎಂಬ ಊರಿನಲ್ಲಿ ನಾನು ಉಳಿದಿದ್ದ ಅಷ್ಟೂ ದಿನ ಸಮುದ್ರ ಖಾಲಿಯಾಗಿಯೇ ಇತ್ತು. ಈಗ ತೆರೆಯ ಮೇಲೆ ಬೆಳಕು ಹರಿಯುತ್ತಿರುವುದು ಆ ಊರಿನ ಕಡಲದಂಡೆಯಲ್ಲಿ. ಒಂದು ಬದಿಗೆ ‘ಸಾವು’ ಎಂಬ ಹೆಸರಿನ ಸಮುದ್ರವಿದೆ, ಇನ್ನೊಂದು ಬದಿಗೆ ದೋಣಿಗಳನ್ನು ಇಡುವ ಗರಿಮಾಡಿನ ದೋಣಿಮನೆಗಳು ಒತ್ತೊತ್ತಾಗಿ ನಿಂತಿವೆ. ಅವುಗಳ ಬೆನ್ನಿಗೇ ಏರುತ್ತಾ ಹೋಗುವುದು ಲಬಲೆಕಾನ್ ಎಂಬ ಜ್ವಾಲಾಮುಖಿ ಪರ್ವತ.

ಲಮಲೆರಾ ಇರುವ ಲೆಂಬಾಟಾ ದ್ವೀಪವು ಇಂಡೋನೇಷ್ಯಾದ ಪೂರ್ವ ನುಸಾ ತೆಂಗಾರ ಪ್ರಾಂತ್ಯಕ್ಕೆ ಸೇರಿದೆ. ಫ್ಲೋರೆಸ್ ದ್ವೀಪದ ಪೂರ್ವ ತುದಿಯಲ್ಲಿರುವ ಲರಾಂತುಕಾದಿಂದ ಹಡಗು ಹತ್ತಿ ಲೆವೊಲೆಬಾ ಪಟ್ಟಣದಲ್ಲಿ ಇಳಿದು, ಅಲ್ಲಿಂದ ಬೆಟ್ಟಗಳನ್ನು ಸುತ್ತಿಕೊಂಡು ದಕ್ಷಿಣ ತೀರಕ್ಕೆ ಬರಬೇಕು. ಈ ದ್ವೀಪದ ನೆಲ ಇನ್ನೂ ತಣ್ಣಗಾಗಿಲ್ಲ. ಉತ್ತರ ಭಾಗದ ಇಲಿ ಲೆವೊತೊಲೊಕ್ ಎಂಬ ಜ್ವಾಲಾಮುಖಿ 2020ರ ನವೆಂಬರ್ 29ರಂದು ಸಿಡಿದಾಗ ಸಾವಿರಾರು ಜನ ಮನೆ ಬಿಟ್ಟು ಓಡಬೇಕಾಯಿತು. ಮರು ವರ್ಷದ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತದ ಮಳೆಗೆ ಅದೇ ಬೆಟ್ಟದ ಇಳಿಜಾರು ಕಲ್ಲು ಕೆಸರಾಗಿ ಹಳ್ಳಿಗಳ ಮೇಲೆ ಹರಿಯಿತು. ಲಮಲೆರಾ ಇರುವ ದಕ್ಷಿಣ ತೀರದಲ್ಲಿಯೂ 1979ರ ಜುಲೈ 18ರ ರಾತ್ರಿ ಇಲಿ ವೆರುಂಗ್ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಸಮುದ್ರಕ್ಕೆ ಬಿದ್ದು, ಎದ್ದ ಸುನಾಮಿಯಲ್ಲಿ ನೂರಾರು ಜನ ಸತ್ತರು. ಲಮಲೆರಾದವರ ಮೂಲಕಥೆಯೇ ಅಂಥದೊಂದು ದುರಂತದಿಂದ ಆರಂಭವಾಗುತ್ತದೆ. ಅವರ ಪೂರ್ವಜರು ವಾಸವಾಗಿದ್ದ ಲೆಪಾನ್ ಬಾತಾನ್ ಎಂಬ ದ್ವೀಪವನ್ನು ಸಮುದ್ರ ನುಂಗಿತು, ಉಳಿದವರು ದೋಣಿ ಏರಿ ಈ ತೀರಕ್ಕೆ ಬಂದರು, ಮೊದಲೇ ಇಲ್ಲಿದ್ದ ಕುಲಗಳನ್ನು ಕೇಳಿ ನೆಲೆ ಪಡೆದರು ಎಂದು ಆ ಕಥೆ ಹೇಳುತ್ತದೆ.

ಕೇಳಿ ಪಡೆದ ನೆಲ ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಊರಿನ ಉಳಿದೆಲ್ಲ ವ್ಯವಸ್ಥೆಯೂ ಅದರ ಮೇಲೆಯೇ ನಿಂತಿದೆ. ಈಗ ನೀವು ನೋಡುತ್ತಿರುವ ಇಳಿಜಾರಿನಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಒಳ್ಳೆಯ ಹೊಲಗಳು ಮೇಲೆ, ಬೆಟ್ಟದ ಹಳ್ಳಿಗಳವರ ಕೈಯಲ್ಲಿವೆ. ಹೀಗಾಗಿ ಕಡಲದಂಡೆಯ ಈ ಜನ ಸಮುದ್ರದಿಂದ ತಂದದ್ದನ್ನು ಬೆಟ್ಟಕ್ಕೆ ಕೊಟ್ಟು, ಬೆಟ್ಟದಲ್ಲಿ ಬೆಳೆದದ್ದನ್ನು ತಾವು ಉಣ್ಣಬೇಕಾಗಿದೆ.

ಸಮುದ್ರದಿಂದ ತರುವುದರಲ್ಲಿ ಅತಿ ದೊಡ್ಡದು ಕೊತೆಕ್ಲೆಮಾ, ಅಂದರೆ ಸ್ಪರ್ಮ್ ತಿಮಿಂಗಿಲ. ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ‘ತಿಮಿಂಗಿಲದ ವಾಂತಿ’ ಎಂದು ಆಗಾಗ ಸುದ್ದಿಯಾಗುವ ಅಂಬರ್‌ಗ್ರಿಸ್ ದೊರೆಯುವುದು ಇದೇ ಪ್ರಾಣಿಯಿಂದ. ನೀಲಿ ತಿಮಿಂಗಿಲವನ್ನು ಲಮಲೆರಾದವರು ಮುಟ್ಟುವುದಿಲ್ಲ, ಅದು ತಮ್ಮ ಪೂರ್ವಜರನ್ನು ಕಾಪಾಡಿತೆಂದು ನಂಬುತ್ತಾರೆ. ಬೇಟೆಯ ಕಾಲಕ್ಕೆ ಲೆಫಾ ಎಂದು ಹೆಸರು; ಅದು ಮೇ ತಿಂಗಳಲ್ಲಿ ಆರಂಭವಾಗುತ್ತದೆ. ಕ್ಯಾಥೊಲಿಕ್ ಮಿಷನರಿಗಳು ಈ ತೀರಕ್ಕೆ ಬಂದದ್ದು 1880ರ ದಶಕದಲ್ಲಿ. ಇಂದು ಸಮುದ್ರದಲ್ಲಿ ಮಡಿದವರಿಗಾಗಿ ದಂಡೆಯ ಮೇಲೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ, ಪಾದ್ರಿಯವರು ದೋಣಿಗಳನ್ನು ಆಶೀರ್ವದಿಸಿದ ಬಳಿಕವೇ ಮೊದಲ ದೋಣಿ ನೀರಿಗಿಳಿಯುತ್ತದೆ. ಅದಕ್ಕೂ ಮುನ್ನ, ನೆಲದ ಒಡೆಯರೆಂದು ಗುರುತಿಸಲಾಗುವ ಹಳೆಯ ಕುಲದವರು ಬೆಟ್ಟದ ಮೇಲಿನ ಕಲ್ಲಿನ ಬಳಿ ಹೋಗಿ ತಿಮಿಂಗಿಲವನ್ನು ಕರೆಯುವ ವಿಧಿಯನ್ನು ನಡೆಸುತ್ತಾರೆ. ಈ ಎರಡು ಆಚರಣೆಗಳಲ್ಲಿ ಒಂದನ್ನು ‘ನಿಜವಾದದ್ದು’ ಎಂದೂ ಇನ್ನೊಂದನ್ನು ‘ಮೇಲ್ಪದರ’ ಎಂದೂ ವಿಂಗಡಿಸುವ ಬರಹಗಳನ್ನು ನಾನು ಓದಿದ್ದೇನೆ. ಇಲ್ಲಿ ಕೆಲವು ದಿನ ಇದ್ದ ಮೇಲೆ ಆ ವಿಂಗಡಣೆ ನನಗೆ ಒಪ್ಪಿಗೆಯಾಗುವುದಿಲ್ಲ.

ಈಗ ಕ್ಯಾಮೆರಾ ಪ್ರವೇಶಿಸಿರುವುದು ದೋಣಿಮನೆಯೊಳಗೆ. ಈ ದೋಣಿಗೆ ಊರಿನ ಭಾಷೆಯಲ್ಲಿ ತೆನಾ ಎನ್ನುತ್ತಾರೆ, ಇಂಡೋನೇಷ್ಯಾದ ಉಳಿದವರು ಪೆಲೆದಾಂಗ್ ಎಂದು ಕರೆಯುತ್ತಾರೆ. ಹಲಗೆಗಳನ್ನು ಮರದ ಗೂಟಗಳಿಂದ ಕೂಡಿಸಿ, ಒಳಗಿನ ಪಕ್ಕೆಗಳನ್ನು ಹಗ್ಗದಿಂದ ಬಿಗಿದಿದ್ದಾರೆ. ಹಲಗೆ ಹಲಗೆಗಳನ್ನು ಹಿಡಿದಿಡಲು ಕಬ್ಬಿಣದ ಮೊಳೆ ಬಳಸಿಲ್ಲ. ಮುಂದಕ್ಕೆ ಚಾಚಿಕೊಂಡಿರುವ ಬಿದಿರಿನ ಅಟ್ಟಣೆಯ ತುದಿಯಲ್ಲಿ ನಿಲ್ಲುವವನು ಲಮಫಾ, ಈಟಿಗಾರ. ತಿಮಿಂಗಿಲ ಹತ್ತಿರವಾದಾಗ ಅವನು ಈಟಿಯನ್ನು ಕೈಯಿಂದ ಎಸೆಯುವುದಿಲ್ಲ, ತನ್ನ ದೇಹದ ಭಾರವನ್ನೆಲ್ಲ ಅದಕ್ಕೆ ಕೊಟ್ಟು ಈಟಿಯ ಜೊತೆಗೇ ಹಾರುತ್ತಾನೆ. ಲಮಲೆರಾದ ಬಗ್ಗೆ ಲೋಕ ನೋಡಿರುವ ಛಾಯಾಚಿತ್ರಗಳಲ್ಲಿ ಬಹುಪಾಲು ಆ ಒಂದು ಕ್ಷಣದವು, ಮತ್ತು ಆ ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. 1994ರಲ್ಲಿ ಗಾಯಗೊಂಡ ತಿಮಿಂಗಿಲವೊಂದು ದೋಣಿಗಳನ್ನು ತೀರದಿಂದ ಬಹುದೂರ ಎಳೆದೊಯ್ದು, ಅವುಗಳಲ್ಲಿದ್ದವರು ದಿನಗಟ್ಟಲೆ ನೀರು ಆಹಾರಗಳಿಲ್ಲದೆ ತೇಲಿ, ಕೊನೆಗೆ ದಾರಿಯಲ್ಲಿ ಸಿಕ್ಕ ಹಡಗೊಂದರಿಂದ ಬದುಕಿ ಬಂದದ್ದನ್ನು ಊರು ಮರೆತಿಲ್ಲ.

ಆದರೆ ಆ ಜಿಗಿತವನ್ನು ಮಾತ್ರ ನೋಡಿದವರಿಗೆ ಲಮಲೆರಾ ಅರ್ಥವಾಗುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ದೋಣಿ ಯಾವೊಬ್ಬನ ಸ್ವತ್ತೂ ಅಲ್ಲ, ಅದು ಕುಲದ್ದು. ದಂಡೆಗೆ ಬಂದ ತಿಮಿಂಗಿಲವನ್ನು ಕೊಯ್ಯುವಾಗ ಅದರ ಮೈಯ ಯಾವ ಭಾಗ ಯಾರಿಗೆ ಎಂಬುದು ಹಿರಿಯರ ಕಾಲದಿಂದಲೇ ಗೊತ್ತಾಗಿರುತ್ತದೆ. ದೋಣಿಯ ಕುಲಕ್ಕೆ, ಹುಟ್ಟು ಹಾಕಿದವರಿಗೆ, ದೋಣಿ ಕಟ್ಟಿದ ಬಡಗಿಗೆ, ಈಟಿಯ ಮೊನೆ ಬಡಿದ ಕಮ್ಮಾರನಿಗೆ, ಹಾಯಿ ನೇಯ್ದವನಿಗೆ, ಹೀಗೆ ಒಬ್ಬೊಬ್ಬರಿಗೂ ಪಾಲಿದೆ. ತಲೆಯ ಭಾಗದಲ್ಲಿ ನೆಲದ ಒಡೆಯರ ಕುಲಕ್ಕೆ ಹಕ್ಕಿದೆ. ನೂರಾರು ವರ್ಷಗಳ ಹಿಂದೆ ಕೇಳಿ ಪಡೆದ ನೆಲದ ಋಣ ಇಂದಿಗೂ ಹಾಗೆ ಸಂದಾಯವಾಗುತ್ತಿದೆ. ಪಾಲು ಪಡೆದ ಮನೆ ಅದನ್ನು ಮತ್ತೆ ಬಂಧುಗಳಿಗೆ ಹಂಚುವುದರಿಂದ, ದೋಣಿಗೆ ಹೋಗಲು ಗಂಡಸರೇ ಇಲ್ಲದ ವಿಧವೆಯ ಮನೆಯ ಬಿದಿರಿನ ಗಳುವಿನ ಮೇಲೂ ಮಾಂಸದ ಪಟ್ಟಿಗಳು ಒಣಗುತ್ತವೆ.

ಅಲ್ಲಿಂದ ಮುಂದಿನ ಕೆಲಸವೆಲ್ಲ ಹೆಂಗಸರದು. ಈ ದೃಶ್ಯವನ್ನು ನಾನು ನಸುಕಿನಲ್ಲಿ, ಅವರ ಅನುಮತಿ ಪಡೆದು, ಹಿಂದಿನಿಂದ ಚಿತ್ರೀಕರಿಸಿದ್ದೇನೆ. ಒಣಮೀನು, ಉಪ್ಪು ಮತ್ತು ಸುಣ್ಣ ತುಂಬಿದ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು, ಅವರು ಬೆಟ್ಟದ ಹಳ್ಳಿಗಳತ್ತ ಗಂಟೆಗಟ್ಟಲೆ ನಡೆಯುತ್ತಾರೆ. ಶನಿವಾರದ ಸಂತೆ ಕೆಲವೇ ಕಿಲೋಮೀಟರ್ ದೂರದ ವುಲಂದೋನಿಯಲ್ಲಿ ಸೇರುತ್ತದೆ. ಬೆಟ್ಟದವರು ಮೆಕ್ಕೆಜೋಳ, ಬಾಳೆ, ಗೆಣಸು ಮತ್ತು ವೀಳ್ಯದ ಸಾಮಗ್ರಿಗಳೊಂದಿಗೆ ಒಂದು ಬದಿ ಕುಳಿತರೆ, ಕಡಲಿನವರು ಇನ್ನೊಂದು ಬದಿ ಕುಳಿತುಕೊಳ್ಳುತ್ತಾರೆ. ಸಂತೆಯ ಮೇಲ್ವಿಚಾರಕ ಸುಂಕ ಎತ್ತಿ ಸೀಟಿ ಊದುವವರೆಗೆ ಯಾರೂ ವಿನಿಮಯ ಆರಂಭಿಸುವಂತಿಲ್ಲ, ಊದಿದ ಕ್ಷಣ ಎರಡೂ ಬದಿಗಳು ಒಂದಾಗಿಬಿಡುತ್ತವೆ. ಎಣಿಕೆಯ ಘಟಕ ಮುಂಗಾ, ಅಂದರೆ ಆರು. ನೋಟಿಗೂ ಇಲ್ಲಿ ಸ್ಥಳವಿದೆ, ಶಾಲೆಯ ಶುಲ್ಕಕ್ಕೆ, ಡೀಸೆಲ್ಲಿಗೆ, ಫೋನಿಗೆ ಅದು ಬೇಕೇ ಬೇಕು. ಆದರೂ ಒಂದು ತುಂಡು ಒಣಮೀನಿಗೆ ಆರು ತೆನೆ ಜೋಳ ಸಿಗುವುದೆಂಬ ಭರವಸೆ, ಮಾರುಕಟ್ಟೆಯ ಬೆಲೆ ಏರಿದರೂ ಇಳಿದರೂ ಒಲೆಯನ್ನು ಹೊತ್ತಿಸಿಡುತ್ತದೆ.

ಮಧ್ಯಾಹ್ನದ ಹೊತ್ತು ನೂಲುವುದು, ಬಣ್ಣ ಕಟ್ಟುವುದು, ನೇಯುವುದು ಕೂಡ ಹೆಂಗಸರದೇ ದುಡಿಮೆ. ಈ ದ್ವೀಪದಲ್ಲಿ ಮದುವೆಯ ಸಮಯದಲ್ಲಿ ವರನ ಕಡೆಯವರು ಆನೆಯ ದಂತವನ್ನೂ ವಧುವಿನ ಕಡೆಯವರು ಅತ್ಯುತ್ತಮ ನೇಯ್ಗೆಯ ಬಟ್ಟೆಯನ್ನೂ ಕೊಡುವ ಪದ್ಧತಿಯಿದೆ. ಆನೆಗಳೇ ಇಲ್ಲದ ದ್ವೀಪಕ್ಕೆ ದಂತ ಬಂದದ್ದು ಹಳೆಯ ಹಡಗು ವ್ಯಾಪಾರದಿಂದ. ಅದೇ ವ್ಯಾಪಾರ ಗುಜರಾತಿನ ಪಟೋಲ ರೇಷ್ಮೆಯನ್ನೂ ತಂದಿತು, ಅದರ ವಿನ್ಯಾಸಗಳು ಇಲ್ಲಿನ ಬಟ್ಟೆಗಳಲ್ಲಿ ಬೇರು ಬಿಟ್ಟಿವೆ. ಇಷ್ಟು ದೂರದ ಮಗ್ಗದ ಮೇಲೆ ಆ ಗುರುತನ್ನು ಕಂಡಾಗ ನನಗಾದ ಸಂತೋಷವನ್ನು ನಾನು ಮುಚ್ಚಿಡಲಾರೆ.

ತಿಮಿಂಗಿಲವನ್ನು ಕೊಲ್ಲುವುದು ಸರಿಯೇ ಎಂದು ನಿಮ್ಮಲ್ಲಿ ಹಲವರು ಕೇಳುವಿರಿ. ಇಂಡೋನೇಷ್ಯಾ ಅಂತಾರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗದ ಸದಸ್ಯ ರಾಷ್ಟ್ರವಲ್ಲ, ಆದರೆ ಅದರದೇ ಕಾನೂನು ಸ್ಪರ್ಮ್ ತಿಮಿಂಗಿಲವನ್ನು ರಕ್ಷಿತ ಜೀವಿಗಳ ಪಟ್ಟಿಯಲ್ಲಿ ಇರಿಸಿದೆ. 2014ರಲ್ಲಿ ಮಾಂಟಾ ತೊರಕೆ ಎಂಬ ದೊಡ್ಡ ಮೀನಿಗೂ ಆ ರಕ್ಷಣೆ ದೊರೆಯಿತು. ಮಾರಾಟಕ್ಕಲ್ಲದೆ ಊಟಕ್ಕಾಗಿ ನಡೆಯುವ ಈ ಊರಿನ ಬೇಟೆಯನ್ನು ಸರ್ಕಾರ ಸಹಿಸಿಕೊಂಡು ಬಂದಿದೆ. ನನ್ನ ಆತಂಕ ಮಾತ್ರ ಬೇರೆ ಕಡೆಯಿದೆ. ‘ಜಾನ್ಸನ್’ ಎಂದು ಕರೆಯಲಾಗುವ ಮೋಟಾರು ದೋಣಿಯಲ್ಲಿ ಕೆಲವೇ ಜನ ಹೋಗಿ ಬರಬಹುದು. ತೆನಾಕ್ಕೆ ಹತ್ತಕ್ಕೂ ಹೆಚ್ಚು ಜನ ಬೇಕು, ನೇಯ್ದ ಹಾಯಿ ಬೇಕು, ಹೊಸೆದ ಹಗ್ಗ ಬೇಕು. ಹುಟ್ಟು ಹಾಕುವ ಕೈಗಳು ಕಡಿಮೆಯಾದಂತೆ ಪಾಲು ತಲುಪುವ ಮನೆಗಳೂ ಕಡಿಮೆಯಾಗುತ್ತವೆ, ಮತ್ತು ಮೊದಲು ಬಿಟ್ಟುಹೋಗುವುದು ಆ ವಿಧವೆಯ ಮನೆ.

ನಾನು ಹೊರಡುವ ಹಿಂದಿನ ಸಂಜೆ ದಂಡೆಯಲ್ಲಿ ಗಂಡಸರು ಎಂದಿನಂತೆ ಸಮುದ್ರದತ್ತ ಮುಖ ಮಾಡಿ ಕುಳಿತಿದ್ದರು. ತಿಮಿಂಗಿಲದ ಉಸಿರು ಕಂಡರೆ ಮೊದಲು ಕಂಡವನು ‘ಬಲೇಓ’ ಎಂದು ಕೂಗುತ್ತಾನೆ, ಆ ಕೂಗು ಮನೆಯಿಂದ ಮನೆಗೆ ಏರುತ್ತಾ ಬೆಟ್ಟದವರೆಗೆ ಮುಟ್ಟುತ್ತದೆ. ಆ ಸಂಜೆ ಯಾರೂ ಕೂಗಲಿಲ್ಲ. ಬೆಟ್ಟದ ದಾರಿಯಿಂದ ಇಬ್ಬರು ಹೆಂಗಸರು ಇಳಿದು ಬಂದು, ತಲೆಯ ಮೇಲಿನ ಬುಟ್ಟಿಗಳನ್ನು ದೋಣಿಮನೆಯ ನೆರಳಿನಲ್ಲಿ ಇಳಿಸಿ, ಜೋಳದ ತೆನೆಗಳನ್ನು ಆರಾರಾಗಿ ಎಣಿಸತೊಡಗಿದರು.