ಕಾಯ್ದೆಗೆ ಸಾಕ್ಷಿ ಬೇಡ, ಗೆಜೆಟ್ ಬೇಕು

ವಕೀಲ ಮಿತ್ರರೇ,

ಕೊಲೆ ಕೇಸಿನಲ್ಲಿ ಚಾಕು ಗುರುತಿಸಲು ಸಾಕ್ಷಿ ಬೇಕು, ರಕ್ತದ ಕಲೆಗೆ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬೇಕು. ಕೊಲೆಗೆ ಶಿಕ್ಷೆ ಹೇಳುವ ಕಲಂ ಒಂದಿದೆ ಎಂದು ಹೇಳಲು ಮಾತ್ರ ಯಾರೂ ಕಟಕಟೆ ಹತ್ತಬೇಕಿಲ್ಲ. ನ್ಯಾಯಾಲಯ ತಾನಾಗಿ ಗಮನಕ್ಕೆ ತೆಗೆದುಕೊಳ್ಳುವ ಸಂಗತಿಗೆ ರುಜುವಾತು ಬೇಡ ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 51ನೇ ಕಲಂ. ಅಂಥ ಸಂಗತಿಗಳ ಪಟ್ಟಿ 52ರಲ್ಲಿದೆ. ಮೊದಲನೆಯದೇ ಭಾರತದಲ್ಲಿ ಜಾರಿಯಲ್ಲಿರುವ ಎಲ್ಲ ಕಾನೂನುಗಳು. ಇದಕ್ಕೂ ಮೊದಲಿದ್ದ 1872ರ ಸಾಕ್ಷ್ಯ ಕಾಯ್ದೆಯ 56, 57 ಓದಿದವರಿಗೆ ಇದು ಹೊಸದಲ್ಲ. ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಗಳನ್ನೂ ಗಮನಿಸಬೇಕೆಂಬ ಮಾತು ಹೊಸದರಲ್ಲಿಲ್ಲ. 2024ರ ಜೂನ್ 30ರವರೆಗೂ ಅದು ನಮ್ಮ ಪುಸ್ತಕದಲ್ಲಿತ್ತು ನೋಡಿ!

‘ಜಾರಿಯಲ್ಲಿರುವ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(2) ಪುಸ್ತಕದಲ್ಲಿ ಅಚ್ಚಾಗಿದೆ: ಅಪಘಾತದಲ್ಲಿ ಸಾವು ಉಂಟುಮಾಡಿ, ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷದವರೆಗೆ ಶಿಕ್ಷೆ. ಆದರೆ 2024ರ ಜುಲೈ 1ರಿಂದ ಸಂಹಿತೆ ಜಾರಿ ಎಂದ ಅಧಿಸೂಚನೆಯೇ ಆ ಉಪಕಲಮನ್ನು ಹೊರಗಿಟ್ಟಿತು. ಪುಸ್ತಕವನ್ನಷ್ಟೇ ನಂಬಿ ಚಾರ್ಜ್ ಹೊರಿಸಿದರೆ ಗತಿಯೇನು?

ತಿದ್ದುಪಡಿಗಳದ್ದೂ ಇದೇ ಪಾಡು. ಘಟನೆ ನಡೆದ ದಿನ ಕಲಂ ಹೇಗಿತ್ತೋ ಆ ರೂಪವೇ ಬೇಕು, ಈ ವರ್ಷದ ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠದ ಪುಸ್ತಕ) ಅಲ್ಲ.

ನಿಜವಾದ ತೊಡಕು ನಿಯಮ, ಅಧಿಸೂಚನೆಗಳಲ್ಲಿ. ಕಾಯ್ದೆ ಕೊಟ್ಟ ಅಧಿಕಾರದಡಿ ಹೊರಟು ಕಾನೂನಿನ ಬಲ ಪಡೆದವು ಕಾನೂನೇ. ಬರೀ ಆಡಳಿತದ ಸುತ್ತೋಲೆ ಕಾನೂನಲ್ಲ, ಅದನ್ನು ದಾಖಲೆಯಾಗಿಯೇ ಸಾಬೀತುಪಡಿಸಬೇಕು. ಕಾನೂನಾದ ಅಧಿಸೂಚನೆಯನ್ನೂ ನ್ಯಾಯಾಧೀಶರು ಹುಡುಕಿಕೊಳ್ಳಲಿ ಎಂದು ಕೂರುವಂತಿಲ್ಲ. ಗಮನಿಸಿ ಎಂದು ಕೇಳಿದವರು ಆ ಪುಸ್ತಕ ಅಥವಾ ದಾಖಲೆ ಹಾಜರುಪಡಿಸುವವರೆಗೆ ನ್ಯಾಯಾಲಯ ನಿರಾಕರಿಸಬಹುದು, 52ರಲ್ಲೇ ಹಾಗಿದೆ. ಆದ್ದರಿಂದ ಅಧಿಸೂಚನೆಯ ಸಂಖ್ಯೆ, ದಿನಾಂಕ, ಯಾವ ಕಲಮಿನಡಿ ಎಂಬುದನ್ನು ಮೆಮೋದಲ್ಲಿ ಬರೆದು, ರಾಜ್ಯಪತ್ರದ (ಗೆಜೆಟ್) ಪ್ರತಿಯನ್ನೇ ಲಗತ್ತಿಸಿ. ಝೆರಾಕ್ಸ್ ಅಂಗಡಿಯ ಮಸುಕು ಪ್ರತಿಯಲ್ಲಿ ಪ್ರಕಟಣೆಯ ದಿನಾಂಕವೇ ಅಳಿಸಿಹೋಗಿರುತ್ತದೆ; ಎದುರಿನ ವಕೀಲರ ಕಣ್ಣು ಬೀಳುವುದೂ ಸರಿಯಾಗಿ ಅಲ್ಲಿಗೇ.

ಪ್ರಕಟಣೆಗೆ ಅಷ್ಟು ಬೆಲೆ ಏಕೆ? ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮು ಕಾಯ್ದೆಯನ್ನು ಠರಾವಿನಿಂದ ಮಾಡಿ, ಎಲ್ಲೂ ಪ್ರಕಟಿಸದೆ ಇಟ್ಟುಕೊಂಡಿತ್ತು. ಅದರಡಿ ಹರ್ಲಾ ಎಂಬವರಿಗೆ 50 ರೂಪಾಯಿ ದಂಡ ಬಿತ್ತು. ಜನರಿಗೆ ತಿಳಿಯುವಂತೆ ಮಾಡದ ಕಾನೂನು ಕಾನೂನಾಗದು ಎಂದು ಸುಪ್ರೀಂ ಕೋರ್ಟ್ 1951ರಲ್ಲಿ ಆ ಶಿಕ್ಷೆ ರದ್ದುಮಾಡಿತು. ಬೆಂಗಳೂರಿನ ನಗರ ಯೋಜನೆಯ ಕುರಿತ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ, 1987ರಲ್ಲಿ, ನಿಯಮಾವಳಿಗಳಿಗೂ ಪ್ರಕಟಣೆ ಬೇಕೆಂಬ ತತ್ವವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ರೂಢಿಯ ಮಾತೇ ಬೇರೆ: ಕಾಯ್ದೆಯಾಗದ, ತೀರ್ಪುಗಳಲ್ಲಿ ಮತ್ತೆಮತ್ತೆ ಮನ್ನಣೆ ಪಡೆಯದ ರೂಢಿಗೆ ಸಾಕ್ಷ್ಯ ಬೇಕೇ ಬೇಕು.

ವಿದೇಶಿ ಕಾನೂನಂತೂ ನಮ್ಮ ನ್ಯಾಯಾಲಯಕ್ಕೆ ಒಂದು ಸಂಗತಿ ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಆಸ್ತಿ ವ್ಯಾಜ್ಯಕ್ಕೆ ಅಲ್ಲಿನ ಕಾನೂನು ಬೇಕಾದರೆ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಪ್ರಕಾರ ತಜ್ಞರನ್ನು ಕರೆಸಿ, ಇಲ್ಲವೇ 32ರ ಪ್ರಕಾರ ಅಲ್ಲಿನ ಸರ್ಕಾರದ ಅಧಿಕೃತ ಪುಸ್ತಕ ತನ್ನಿ. ವಾದಪತ್ರದಲ್ಲೇ ಆ ಕಾನೂನನ್ನು ಸಂಗತಿಯಾಗಿ ಬರೆಯಿರಿ; ಅಲ್ಲಿ ಇಲ್ಲದ್ದಕ್ಕೆ ಆಮೇಲೆ ಸಾಕ್ಷ್ಯ ಕೊಡಲು ಹೋದರೆ ಎದುರಿನವರು ಮೊದಲ ಪ್ರಶ್ನೆಗೇ ಎದ್ದು ನಿಲ್ಲುತ್ತಾರೆ.