ಮುದ್ದೆ ನುಂಗಿದ ಮೇಲೆ

ಕೇಳುಗರಿಗೆ ನಮಸ್ಕಾರ.

ಹಳೆ ಮೈಸೂರು ಸೀಮೆಯಲ್ಲಿ ರಾಗಿ ಮುದ್ದೆಯನ್ನು ಅಗಿಯುವ ಪದ್ಧತಿ ಇಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಜೀರ್ಣಕ್ರಿಯೆ ಬಾಯಿಯಲ್ಲೇ ಶುರುವಾಗುತ್ತದೆ, ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು ಎಂದು ಶಾಲೆಯಲ್ಲಿ ಕಲಿತ ಮಗು, ಮನೆಗೆ ಬಂದು ತಾತ ಮುದ್ದೆ ನುಂಗುವುದನ್ನು ನೋಡಿ, ಅಗಿಯದೆ ನುಂಗಿದ್ದು ಅರಗುವುದು ಹೇಗೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಮಗುವಿಗೆ ಸರಿಯಾದ ಉತ್ತರ ಸಿಗಬೇಕು.

ಮುದ್ದೆಯ ಮಟ್ಟಿಗೆ ಹಲ್ಲಿನ ಕೆಲಸವನ್ನು ಗಿರಣಿ ಮೊದಲೇ ಮುಗಿಸಿರುತ್ತದೆ. ಉಳಿದ ಮುಖ್ಯ ಕೆಲಸ ಒಲೆಯ ಮೇಲೆ ನಡೆಯುತ್ತದೆ. ರಾಗಿಯ ಬಹುಪಾಲು ಪಿಷ್ಟ. ಹಸಿ ಪಿಷ್ಟದ ಕಣಗಳು ಬಹಳ ಬಿಗಿಯಾಗಿರುವುದರಿಂದ ಆಹಾರವನ್ನು ಒಡೆಯುವ ನಮ್ಮ ಕಿಣ್ವಗಳು ಅವುಗಳೊಳಗೆ ಸುಲಭವಾಗಿ ನುಗ್ಗಲಾರವು. ಕುದಿಯುವ ಎಸರಿಗೆ ಹಿಟ್ಟು ಹಾಕಿ ಬೇಯಿಸಿ ತೊಳಸಿದಾಗ ಆ ಕಣಗಳು ನೀರು ಹೀರಿ ಉಬ್ಬುತ್ತವೆ, ಸಡಿಲವಾಗುತ್ತವೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ ನಿಜ. ಆದರೆ ನುಂಗುವ ಮುದ್ದೆಯ ಮೇಲೆ ಅದಕ್ಕೆ ಸಿಗುವ ಸಮಯ ಅತ್ಯಲ್ಪ. ಅದರಿಂದ ದೊಡ್ಡ ನಷ್ಟವೇನೂ ಇಲ್ಲ, ಅದೇ ಕೆಲಸ ಮಾಡುವ ಕಿಣ್ವ ಮುಂದೆ ಧಾರಾಳವಾಗಿ ಸಿಗುತ್ತದೆ. ಕಡಲೆಕಾಯಿ, ಹಸಿ ತರಕಾರಿ, ಮಾಂಸಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನ್ನು ಅಗಿದೇ ತಿನ್ನಬೇಕು.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿ ಜಠರ ಸೇರುತ್ತದೆ. ಜಠರದ ಕೆಳಭಾಗದ ಸ್ನಾಯುಗಳು ಅದನ್ನು ಆಮ್ಲದೊಂದಿಗೆ ಅರೆಯುತ್ತವೆ. ಜಠರದ ಕೊನೆಯ ಕಿರಿದಾದ ದ್ವಾರ ಒಂದೆರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳನ್ನು ಊಟದ ಹೊತ್ತಿನಲ್ಲಿ ಸಾಮಾನ್ಯವಾಗಿ ಮುಂದೆ ಬಿಡುವುದಿಲ್ಲ. ಮತ್ತೆ ಹಿಂದಕ್ಕೆ ತಳ್ಳಿ ಅರೆಯಿಸುತ್ತದೆ. ತಾತ ಇಡಿಯಾಗಿ ನುಂಗಿದ ಮುದ್ದೆಯ ತುತ್ತು ಕೆಲವು ಗಂಟೆಗಳಲ್ಲಿ ತೆಳು ಗಂಜಿಯಂತಾಗಿ ಸ್ವಲ್ಪ ಸ್ವಲ್ಪವೇ ಮುಂದೆ ಸಾಗುತ್ತದೆ. ಇದೇ ಹೊತ್ತಿನಲ್ಲಿ ಸಾರಿನ ಅಲಸಂದೆ ಕಾಳಿನ ಪ್ರೋಟೀನನ್ನು ಪೆಪ್ಸಿನ್ ಎಂಬ ಕಿಣ್ವ ಕತ್ತರಿಸತೊಡಗುತ್ತದೆ.

ಜಠರದಲ್ಲಿ ನಡೆಯುವುದು ಬರೀ ಅರೆತವೋ, ರಾಸಾಯನಿಕ ಕ್ರಿಯೆಯೋ ಎಂಬ ವಾದ ಬಹುಕಾಲ ನಡೆದಿತ್ತು. 1822ರ ಜೂನ್‌ನಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಹತ್ತಿರದಿಂದ ಗುಂಡು ತಗುಲಿತು. ತುಪ್ಪಳ ವ್ಯಾಪಾರದಲ್ಲಿ ದುಡಿಯುತ್ತಿದ್ದ ಬಡವ. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದರು, ಆದರೆ ಹೊಟ್ಟೆಯ ಮೇಲಿನ ರಂಧ್ರ ಮುಚ್ಚಲೇ ಇಲ್ಲ. ಬೋಮಾಂಟ್ ಮಾಂಸ, ರೊಟ್ಟಿ, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಜಠರದೊಳಗೆ ಇಳಿಬಿಟ್ಟು, ಆಗಾಗ ಹೊರಗೆಳೆದು ನೋಡಿದರು. ಜಠರರಸವನ್ನು ಸೀಸೆಗೆ ತೆಗೆದು, ಬೆಚ್ಚಗಿಟ್ಟು, ಅದರಲ್ಲಿ ಮಾಂಸ ಹಾಕಿದರು. ಜಠರದ ಹೊರಗೂ ಮಾಂಸ ಕರಗಿತು. 1833ರಲ್ಲಿ ಈ ಪ್ರಯೋಗಗಳು ಅಚ್ಚಾದವು. ಆ ಪುಟಗಳನ್ನು ಮೆಚ್ಚುವಾಗ ಸೇಂಟ್ ಮಾರ್ಟಿನ್‌ನ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕು ಎಂದು ನಾನು ನಂಬಿದ್ದೇನೆ. ಇನ್ನೊಬ್ಬರ ಪರೀಕ್ಷೆಗೆ ವರ್ಷಗಟ್ಟಲೆ ಮೈಯೊಡ್ಡಿ ನಿಂತವನು ಅವನು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಜಠರದಲ್ಲಿರುವ ಆಹಾರ ಇನ್ನೂ ನಮ್ಮ ದೇಹದೊಳಕ್ಕೆ ಬಂದಿಲ್ಲ. ಬಾಯಿಯಿಂದ ಗುದದವರೆಗೆ ಇರುವುದು ಒಂದೇ ನಾಳ. ಅದರ ಎರಡೂ ತುದಿಗಳು ಹೊರಜಗತ್ತಿಗೆ ತೆರೆದಿವೆ. ಅದರ ಗೋಡೆಯನ್ನು ದಾಟಿ ರಕ್ತ ಸೇರಿದ್ದಷ್ಟೇ ನಮ್ಮದು. ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ, ಸೊಪ್ಪಿನಲ್ಲಿ ಎಷ್ಟು ಕಬ್ಬಿಣ ಎಂದು ನಾವು ಲೆಕ್ಕ ಹಾಕುತ್ತೇವೆ. ಅದರಲ್ಲಿ ಎಷ್ಟು ಪಾಲು ಗೋಡೆ ದಾಟಿತು ಎಂದು ಕೇಳುವುದೇ ಇಲ್ಲ.

ಆಹಾರ ಆ ಗೋಡೆಯನ್ನು ಹೆಚ್ಚಾಗಿ ದಾಟುವುದು ಸಣ್ಣ ಕರುಳಿನಲ್ಲಿ. ಸುಮಾರು ಆರು ಮೀಟರ್ ಉದ್ದ. ಅದರ ಆರಂಭದಲ್ಲೇ ಮೇದೋಜೀರಕ ಗ್ರಂಥಿಯ ರಸ ಬಂದು ಜಠರದ ಆಮ್ಲವನ್ನು ತಣಿಸುತ್ತದೆ. ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳು ಆ ರಸದಲ್ಲಿವೆ. ಮುದ್ದೆಯ ಪಿಷ್ಟದ ಬಾಕಿ ಲೆಕ್ಕ ತೀರುವುದು ಇಲ್ಲಿಯೇ. ಯಕೃತ್ತಿನಿಂದ ಬರುವ ಪಿತ್ತರಸ, ಎಣ್ಣೆಸ್ನಾನದ ದಿನ ಸೀಗೆಕಾಯಿ ತಲೆಯ ಜಿಡ್ಡನ್ನು ಬಿಡಿಸುವ ಹಾಗೆ, ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಆಮೇಲೆ ಕಿಣ್ವಕ್ಕೆ ಕೆಲಸ ಸಲೀಸು.

ಕರುಳಿನ ಒಳಮೈ ನಯವಾಗಿಲ್ಲ. ಅದರ ತುಂಬ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿವೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ಪ್ರತಿ ವಿಲ್ಲೈಯ ಮೇಲಿನ ಜೀವಕೋಶಗಳಿಗೂ ಇನ್ನೂ ಸಣ್ಣ ಚಾಚುಗಳಿವೆ. ಈ ಮೇಲ್ಮೈಯನ್ನೆಲ್ಲ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ತಿದ್ದಿದರು. ಅದೂ ಕಡಿಮೆಯೇನಲ್ಲ, ಒಂದು ದೊಡ್ಡ ಕೋಣೆಯ ವಿಸ್ತೀರ್ಣ. ಈ ಪದರದ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲಿ ಸವೆದು ಉದುರಿ, ಹೊಸವು ಬರುತ್ತವೆ.

ಸಕ್ಕರೆಗಳ ಕೊನೆಯ ಕತ್ತರಿಸುವಿಕೆಯೂ ಈ ಜೀವಕೋಶಗಳ ಅಂಚಿನಲ್ಲೇ ಆಗುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇಲ್ಲಿರುತ್ತದೆ. ದೊಡ್ಡವರಾದ ಮೇಲೆ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಅದಕ್ಕೇ. ಅಂಥವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದಷ್ಟು ಪಾಲನ್ನು ಮೊದಲೇ ತಿಂದಿರುತ್ತವೆ.

ಪಿಷ್ಟದಿಂದ ಬಂದ ಗ್ಲೂಕೋಸ್ ಮತ್ತು ಪ್ರೋಟೀನಿನಿಂದ ಬಂದ ಅಮೈನೋ ಆಮ್ಲಗಳು ರಕ್ತಕ್ಕೆ ಸೇರಿ ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ದಾರಿ ಬೇರೆ. ಅದು ದುಗ್ಧನಾಳಗಳೆಂಬ ಬೇರೆಯೇ ನಾಳಗಳನ್ನು ಹಿಡಿದು ಮೇಲೇರಿ, ಕುತ್ತಿಗೆಯ ಎಡಭಾಗದ ಬುಡದಲ್ಲಿ ರಕ್ತ ಸೇರುತ್ತದೆ. ಸೊಪ್ಪಿನ ಹಳದಿ ವರ್ಣದ್ರವ್ಯದಿಂದ ಸಿಗುವ ಎ ಜೀವಸತ್ವ ಕೊಬ್ಬಿನ ಜೊತೆಗೇ ಒಳಬರಬೇಕಾದದ್ದು. ಬಸ್ಸಾರಿಗೆ ಹಾಕುವ ಒಗ್ಗರಣೆಯ ಎಣ್ಣೆ, ಮುದ್ದೆಯ ಮೇಲಿನ ತುಪ್ಪ ರುಚಿಗಷ್ಟೇ ಅಲ್ಲ.

ಕಬ್ಬಿಣದ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿದೆ, ಏಕೆಂದರೆ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಧಾನ್ಯ, ಕಾಳು, ಸೊಪ್ಪುಗಳ ಕಬ್ಬಿಣ ಕರುಳಿನ ಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ರಾಗಿ, ಕಾಳುಗಳಲ್ಲಿರುವ ಫೈಟೇಟ್ ಎಂಬ ಪದಾರ್ಥ ಅದನ್ನು ಹಿಡಿದಿಡುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತದೆ. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಸಿ ಜೀವಸತ್ವ ಕಬ್ಬಿಣವನ್ನು ದಾಟಿಸಲು ನೆರವಾಗುತ್ತದೆ. ಊಟವಾದ ತಕ್ಷಣ ಕುಡಿಯುವ ಕಾಫಿ, ಚಹಾ ಅದನ್ನು ತಡೆಯುತ್ತವೆ. ಒಂದು ಗಂಟೆ ತಡೆದು ಕುಡಿಯಿರಿ.

ಇನ್ನು ನೀರಿನ ವಿಚಾರ. ನಾವು ಕುಡಿದ ನೀರು, ಜೊಲ್ಲು, ಜಠರರಸ, ಪಿತ್ತರಸ ಎಲ್ಲ ಸೇರಿ ದಿನಕ್ಕೆ ಸುಮಾರು ಎಂಟೊಂಬತ್ತು ಲೀಟರ್ ದ್ರವ ಕರುಳಿಗೆ ಬರುತ್ತದೆ. ಬಹುಪಾಲನ್ನು ಸಣ್ಣ ಕರುಳು ಹೀರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ದೊಡ್ಡ ಕರುಳು ಹೀರಿಕೊಳ್ಳುತ್ತದೆ. ನಮಗೆ ಅರಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ತಿಂದು ಕರುಳಿಗೇ ಆಹಾರ ಒದಗಿಸುತ್ತವೆ. ಕಾಲರಾ ಬಂದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ದೇಹದ ನೀರು, ಉಪ್ಪು ಭೇದಿಯಲ್ಲಿ ಹೋಗಿ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಆದರೆ ಒಂದು ದಾರಿ ಆಗಲೂ ತೆರೆದಿರುತ್ತದೆ. ಕರುಳಿನ ಜೀವಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಒಟ್ಟಿಗೇ ಒಳಗೆ ಕರೆದೊಯ್ಯುವ ಪ್ರೋಟೀನ್ ಇದೆ. ಅವುಗಳ ಹಿಂದೆ ನೀರೂ ಬರುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಇದನ್ನು ಪ್ರತಿಪಾದಿಸಿದರು. ಕಾಲರಾ ವಿಷ ಈ ಪ್ರೋಟೀನನ್ನು ಕೆಡಿಸುವುದಿಲ್ಲ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳ ಪೊಟ್ಟಣ ಮಾಡಿಸಿ ನೀರಿನಲ್ಲಿ ಕಲಸಿ ಕುಡಿಸಿದರು. ಕುಡಿಸಿದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರೇ. ಮಹಲನಾಬಿಸ್ ಅವರ ಆರೈಕೆಯಲ್ಲಿದ್ದವರ ಸಾವಿನ ಪ್ರಮಾಣ ಶೇಕಡ 30ರ ಆಸುಪಾಸಿನಿಂದ ಶೇಕಡ 4ಕ್ಕಿಂತ ಕೆಳಗಿಳಿಯಿತು. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ದೇಶ ಅವರಿಗೆ ಪದ್ಮವಿಭೂಷಣ ನೀಡಿತು. ಅವರು ಬದುಕಿರುವಾಗಲೇ ಅದು ಬರಬೇಕಿತ್ತು.

ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಓಆರ್‌ಎಸ್ ಎಂಬ, ಇಂಥದೇ ಗ್ಲೂಕೋಸ್-ಉಪ್ಪಿನ ಪೊಟ್ಟಣವನ್ನು, ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಹೆಚ್ಚಿಸಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯುದ್ದಕ್ಕೂ ಕುಡಿಸಲು ಸಾಧ್ಯವಾದಷ್ಟು ಕುಡಿಸುತ್ತಲೇ ಇರಿ.

ನಮಸ್ಕಾರ.