ಮಾರಿಕೊಂಡ ಅಧಿಕಾರ: 14ನೇ ಲೂಯಿಯ ಫ್ರಾನ್ಸ್

ಕೇಳುಗರಿಗೆ ನಮಸ್ಕಾರ.

14ನೇ ಲೂಯಿಯ ಹೆಸರು ಬಂದ ಕೂಡಲೇ ಒಂದು ಮಾತು ಅದರ ಜೊತೆಗೇ ಬರುತ್ತದೆ. ‘ನಾನೇ ರಾಜ್ಯ.’ ಇತಿಹಾಸ ಓದಿದವರಿಗೆಲ್ಲ ಬಾಯಿಪಾಠ. ಆದರೆ ಅವನು ಆ ಮಾತು ಆಡಿದ್ದಕ್ಕೆ ಆ ಕಾಲದ ಒಂದು ದಾಖಲೆಯೂ ಇಲ್ಲ. ಆಮೇಲಿನವರು ಅವನ ಬಾಯಿಗೆ ಹಾಕಿದ್ದು ಅದು. ಆಡದಿದ್ದರೇನು, ಅವನ ಆಳ್ವಿಕೆಗೆ ಸರಿಹೊಂದುತ್ತದೆ ಅಂತ ನಾವು ನಂಬಿಕೊಂಡು ಬಂದಿದ್ದೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಫ್ರಾನ್ಸಿನ ದೊರೆಗಳು ಅಧಿಕಾರ ಬೆಳೆಸಿಕೊಂಡಿದ್ದೇ ಅಧಿಕಾರವನ್ನು ಮಾರಿ. ಮಾರಿದ್ದನ್ನು ವಾಪಸ್ ತಗೊಳ್ಳಲು ಅವರ ಕೈಲಿ ಆಗಲಿಲ್ಲ. ನಿರಂಕುಶ ಪ್ರಭುತ್ವದ ಏಳಿಗೆ, ಅದರ ಮಿತಿ, ಎರಡೂ ಇಲ್ಲೇ ಇವೆ.

ಮೊದಲು ಏಳಿಗೆಯ ಕಥೆ. 1643ರಲ್ಲಿ ಅಪ್ಪ ತೀರಿಕೊಂಡಾಗ ಲೂಯಿಗೆ ಇನ್ನೂ ಐದು ತುಂಬಿರಲಿಲ್ಲ. ತಾಯಿ ಆನ್ ಮತ್ತು ಮಂತ್ರಿ ಮಜಾರಿನ್ ರಾಜ್ಯ ನಡೆಸುತ್ತಿದ್ದರು. ಯುದ್ಧಕ್ಕೆ ದುಡ್ಡು ಬೇಕು, ತೆರಿಗೆ ಏರುತ್ತಲೇ ಇತ್ತು. 1648ರಲ್ಲಿ ದಂಗೆ ಎದ್ದಿತು. ಫ್ರೋಂದ್ ಎಂದು ಕರೆಸಿಕೊಂಡ ಆ ದಂಗೆ ಐದು ವರ್ಷ ಎಳೆಯಿತು. ಮೊದಲು ನ್ಯಾಯಾಧೀಶರು ತಿರುಗಿಬಿದ್ದರು, ಆಮೇಲೆ ರಾಜನ ಸ್ವಂತ ಬಂಧುಗಳೇ. 1651ರ ಫೆಬ್ರವರಿಯ ಒಂದು ರಾತ್ರಿ, ರಾಜನನ್ನು ಪ್ಯಾರಿಸ್‌ನಿಂದ ಸಾಗಿಸುತ್ತಾರಂತೆ ಅಂತ ಊರಲ್ಲಿ ಸುದ್ದಿ ಹಬ್ಬಿತು. ಜನ ಅರಮನೆಗೆ ಮುತ್ತಿದರು. ರಾಣಿ ಬಾಗಿಲು ತೆಗೆಸಿದಳು. ಜನ ಒಳಗೆ ಬಂದು, ಮಂಚದ ಹತ್ತಿರ ಹೋಗಿ, ಹುಡುಗ ಇದ್ದಾನಾ ಅಂತ ಕಣ್ಣಾರೆ ನೋಡಿಕೊಂಡು ಹೋದರು. ಹನ್ನೆರಡು ವರ್ಷದ ರಾಜ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡು ಮಲಗಿದ್ದ. ಇಂಥದ್ದೊಂದು ರಾತ್ರಿ ಕಂಡ ಹುಡುಗನಿಗೆ ಪ್ಯಾರಿಸ್ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಅಂದಹಾಗೆ, ಆಗಿನ ಜನಕ್ಕೆ ಗಟ್ಟಿ ಕೈಯ ದೊರೆ ಬೇಕಾಗಿದ್ದ. ಇದನ್ನು ನಾವು ಮರೆಯಬಾರದು. 16ನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಮೂವತ್ತಕ್ಕೂ ಜಾಸ್ತಿ ವರ್ಷ ಬಡಿದಾಡಿದ್ದರು. ಅದರ ನಡುವೆ, 1576ರಲ್ಲಿ, ಬೋದಾಂ ಎಂಬ ನ್ಯಾಯಪಂಡಿತ, ಒಂದು ರಾಜ್ಯಕ್ಕೆ ಒಂದೇ ಪರಮಾಧಿಕಾರ ಇರಬೇಕು ಅಂತ ಬರೆದ. ಅದು ದೊರೆಯನ್ನು ಮೆಚ್ಚಿಸಲು ಬರೆದ ಮಾತಾಗಿ ನನಗೆ ಕಾಣುವುದಿಲ್ಲ. ಹೆಣ ನೋಡಿ ಸಾಕಾದವರ ಮಾತು ಅದು.

1661ರ ಮಾರ್ಚ್‌ನಲ್ಲಿ ಮಜಾರಿನ್ ಸತ್ತ. ಇನ್ನು ಪ್ರಧಾನ ಮಂತ್ರಿ ಇಲ್ಲ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದ ಲೂಯಿ. ಆಗ ಅವನಿಗೆ ಇಪ್ಪತ್ತೆರಡು. ಅದೇ ಸೆಪ್ಟೆಂಬರ್‌ನಲ್ಲಿ ಹಣಕಾಸು ನೋಡುತ್ತಿದ್ದ ಫೂಕೆಯನ್ನು ಹಿಡಿಸಿ ಸೆರೆಗೆ ಹಾಕಿದ. ಫೂಕೆ ತನ್ನ ಹೊಸ ಬಂಗಲೆಯಲ್ಲಿ ರಾಜನಿಗೇ ಭಾರಿ ಔತಣ ಕೊಟ್ಟು ಮೂರು ವಾರವೂ ಆಗಿರಲಿಲ್ಲ. ಅವನ ಕೆಲಸವೆಲ್ಲ ಕೋಲ್ಬೇರ್ ಕೈಗೆ ಬಂತು. ಪ್ರಾಂತಗಳಿಗೆ ಇಂಟೆಂಡೆಂಟ್ ಎಂಬ ಅಧಿಕಾರಿಗಳು ಹೋದರು. ರಾಜ ಬೇಕೆಂದಾಗ ನೇಮಿಸಬಹುದು, ಬೇಡವೆಂದಾಗ ತೆಗೆಯಬಹುದು. ತೆರಿಗೆ, ಪೊಲೀಸು, ರಸ್ತೆ, ಎಲ್ಲ ಅವರ ಕಣ್ಣಳತೆಯಲ್ಲಿ. 1682ರಲ್ಲಿ ಆಸ್ಥಾನ ವರ್ಸೈಲ್ಸ್‌ಗೆ ಸ್ಥಳಾಂತರವಾಯಿತು. ಅದರ ಕನ್ನಡಿ ಹಜಾರ, ಕಾರಂಜಿಗಳ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ, ನಾನು ಅಲ್ಲಿ ನಿಲ್ಲುವುದಿಲ್ಲ.

ಯಾಕೆಂದರೆ ನಿಜವಾದ ಕಥೆ ಇರುವುದು ಇಂಟೆಂಡೆಂಟ್‌ಗಳ ಕೆಳಗೆ. ಇಂಟೆಂಡೆಂಟ್‌ಗಳು ದೇಶಕ್ಕೆಲ್ಲ ಸೇರಿ ಸುಮಾರು ಮೂವತ್ತು ಜನ. ಆಳಬೇಕಾದ ಪ್ರಜೆಗಳು ಎರಡು ಕೋಟಿಯಷ್ಟು. ಹಾಗಾದರೆ ದಿನನಿತ್ಯದ ಆಡಳಿತ ಯಾರ ಕೈಲಿತ್ತು? ಹುದ್ದೆ ಕೊಂಡವರ ಕೈಲಿ. ಹೌದು, ಕೊಂಡವರ ಕೈಲಿ. ನ್ಯಾಯಾಧೀಶನ ಹುದ್ದೆ, ಖಜಾನೆಯ ಹುದ್ದೆ, ಗುಮಾಸ್ತನ ಹುದ್ದೆ, ಎಲ್ಲವನ್ನೂ ರಾಜನೇ ರಾಜಾರೋಷವಾಗಿ ಮಾರುತ್ತಿದ್ದ. ಮೊದಲು ಒಂದು ಷರತ್ತು ಇತ್ತು. ಹುದ್ದೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನು ಆಮೇಲೆ 40 ದಿನ ಬದುಕಿರಬೇಕು, ಅದರೊಳಗೆ ಸತ್ತರೆ ಹುದ್ದೆ ಮತ್ತೆ ರಾಜನಿಗೇ. 1604ರಲ್ಲಿ ಈ ಷರತ್ತಿನಿಂದ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಟ್ಟರು. ಹುದ್ದೆಯ ಬೆಲೆಯ ಅರವತ್ತರಲ್ಲಿ ಒಂದು ಪಾಲು ಪ್ರತಿ ವರ್ಷ ಕಟ್ಟಿದರೆ ಸಾಕು, ಅದು ಮಗನಿಗೆ, ಮೊಮ್ಮಗನಿಗೆ ಆಸ್ತಿಯ ಹಾಗೆ ಇಳಿಯುತ್ತದೆ. ಕೋಲ್ಬೇರ್ ಎಣಿಸಿ ನೋಡಿದಾಗ ಇಂಥ ಹುದ್ದೆಗಳು 45 ಸಾವಿರಕ್ಕೂ ಜಾಸ್ತಿ ಇದ್ದವು.

ಮಾರಿದ್ದರಿಂದ ರಾಜನಿಗೆ ತಕ್ಷಣ ಹಣ ಸಿಕ್ಕಿತು. ಊರೂರಿನ ಉಳ್ಳವರು ಅವನ ಕಡೆಯವರಾದರು. ನಿಜ. ಆದರೆ ಹೊಲ ಮಾರಿದವನು ಮರುವರ್ಷ ಬಂದು ಫಸಲು ಕೇಳಿದರೆ ಕೊಡುತ್ತಾರಾ? ಹುದ್ದೆ ಕೊಂಡವನನ್ನು ತೆಗೆಯಬೇಕಾದರೆ ಅವನ ದುಡ್ಡು ವಾಪಸ್ ಕೊಡಬೇಕು. ಆ ದುಡ್ಡು ಬೊಕ್ಕಸದಲ್ಲಿ ಇರುತ್ತಿರಲಿಲ್ಲ. ಪಾರ್ಲೆಮಾನ್‌ಗಳ ನ್ಯಾಯಾಧೀಶರೂ ಹೀಗೆ ಹುದ್ದೆ ಕೊಂಡವರೇ. ಪಾರ್ಲೆಮಾನ್ ಅಂದರೆ ಈಗಿನ ಸಂಸತ್ತಲ್ಲ, ಅದು ದೊಡ್ಡ ನ್ಯಾಯಾಲಯ. ರಾಜನ ಶಾಸನವನ್ನು ಆ ನ್ಯಾಯಾಲಯ ತನ್ನ ಕಡತದಲ್ಲಿ ದಾಖಲಿಸಿಕೊಂಡ ಮೇಲೆಯೇ ಅದು ಜಾರಿಗೆ ಬರುತ್ತಿತ್ತು. ಒಪ್ಪಿಗೆಯಾಗದಿದ್ದರೆ ತಕರಾರು ಬರೆದು ಕಳಿಸಬಹುದಿತ್ತು. 1673ರಲ್ಲಿ ಲೂಯಿ ಅದಕ್ಕೂ ಕಡಿವಾಣ ಹಾಕಿದ: ಮೊದಲು ದಾಖಲಿಸಿ, ಆಮೇಲೆ ಬೇಕಿದ್ದರೆ ತಕರಾರು ಹೇಳಿ. ಅವನ ಅತಿ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಆದರೂ ಆ ನ್ಯಾಯಾಧೀಶರನ್ನು ತೆಗೆದುಹಾಕಲು ಅವನು ಹೋಗಲಿಲ್ಲ.

ಇನ್ನು ಉಪ್ಪಿಗೆ ಬರೋಣ. ನಿರಂಕುಶ ಅಂತ ಕರೆಯುವ ಆ ರಾಜ್ಯ ಒಳಗೆ ಹೇಗಿತ್ತು ಅಂತ ತಿಳಿಯಲು ಉಪ್ಪಿನ ತೆರಿಗೆ ನೋಡಿದರೆ ಸಾಕು. ಗಬೆಲ್ ಅಂತ ಅದರ ಹೆಸರು. ಪ್ಯಾರಿಸ್ ಸುತ್ತಲ ಪ್ರಾಂತಗಳಲ್ಲಿ ಉಪ್ಪನ್ನು ಸರ್ಕಾರಿ ಉಗ್ರಾಣದಿಂದಲೇ ತರಬೇಕು. ಅದೂ ನಿಮಗೆ ಬೇಕಾದಷ್ಟಲ್ಲ. ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಕೆಜಿ ಕೊಳ್ಳಲೇಬೇಕು. ಅದು ಅಡುಗೆಗೆ ಮಾತ್ರ. ಅದೇ ಉಪ್ಪು ಹಾಕಿ ಮಾಂಸ ಕೆಡದಂತೆ ಇಟ್ಟರೆ ತಪ್ಪು, ಅದಕ್ಕೆ ಬೇರೆ ಉಪ್ಪು ಕೊಳ್ಳಬೇಕು. ಪಕ್ಕದ ಬ್ರಿಟನಿ ಪ್ರಾಂತದಲ್ಲಿ ಈ ತೆರಿಗೆಯೇ ಇಲ್ಲ. 1532ರಲ್ಲಿ ಬ್ರಿಟನಿ ಫ್ರಾನ್ಸಿಗೆ ಸೇರಿದಾಗ ಅದರ ಹಕ್ಕುಗಳನ್ನು ಉಳಿಸುತ್ತೇವೆ ಅಂತ ರಾಜ ಮಾತು ಕೊಟ್ಟಿದ್ದ. ಹೀಗಾಗಿ ಗಡಿಯ ಆಚೆ ಈಚೆ ಉಪ್ಪಿನ ಬೆಲೆಯಲ್ಲಿ ಎಲ್ಲಿಲ್ಲದ ವ್ಯತ್ಯಾಸ. 18ನೇ ಶತಮಾನದ ಕೊನೆಗೆ ಅದು ಇಪ್ಪತ್ತು ಪಟ್ಟು ದಾಟಿತ್ತು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ರಾತ್ರಿ ಉಪ್ಪು ಹೊತ್ತರು. ನಾಯಿಗಳಿಗೂ ಕಲಿಸಿ ಅವುಗಳ ಮೈಗೆ ಉಪ್ಪು ಕಟ್ಟಿ ಗಡಿ ದಾಟಿಸಿದರು. ಸಿಕ್ಕಿಬಿದ್ದ ಗಂಡಸರನ್ನು ರಾಜನ ಹಡಗುಗಳಲ್ಲಿ ಹುಟ್ಟು ಹಾಕಲು ಅಟ್ಟುತ್ತಿದ್ದರು. ಒಂದು ಹಿಡಿ ಉಪ್ಪಿಗೆ ಅಂಥ ಶಿಕ್ಷೆ. ಓದುವಾಗ ಹೊಟ್ಟೆ ಉರಿಯುತ್ತದೆ.

ರಾಜ ಒಂದು ಆಜ್ಞೆ ಹೊರಡಿಸಿ ಎಲ್ಲ ಕಡೆ ಒಂದೇ ದರ ಮಾಡಬಹುದಿತ್ತಲ್ಲ? 1675ರಲ್ಲಿ ಬ್ರಿಟನಿಗೆ ಛಾಪಾ ಕಾಗದದ ತೆರಿಗೆ ಬಂತು. ಇದರ ಹಿಂದೆಯೇ ಗಬೆಲ್ ಬರುತ್ತದಂತೆ ಅನ್ನುವ ಗುಸುಗುಸು ಎದ್ದಿತು. ಅಷ್ಟಕ್ಕೇ ಹಳ್ಳಿಗಳೆಲ್ಲ ದಂಗೆ ಎದ್ದವು. ಸೈನ್ಯ ಬಂತು, ಜನರನ್ನು ಗಲ್ಲಿಗೇರಿಸಿದರು. ರೆನ್ ಪಟ್ಟಣದ ಪಾರ್ಲೆಮಾನನ್ನೇ 1690ರವರೆಗೆ ಬೇರೆ ಊರಿಗೆ ಎತ್ತಂಗಡಿ ಮಾಡಿದರು. ಇಷ್ಟೆಲ್ಲ ಆದಮೇಲೂ ಬ್ರಿಟನಿಗೆ ಗಬೆಲ್ ಬರಲಿಲ್ಲ.

ಯಾರಿಗೆ ಒಪ್ಪಂದದ ಬಲವೂ ಇಲ್ಲ, ಹುದ್ದೆ ಕೊಳ್ಳುವ ಶಕ್ತಿಯೂ ಇಲ್ಲ, ಅವರ ಮೇಲೆ ಮಾತ್ರ ಈ ರಾಜ್ಯದ ಕೈ ಪೂರ್ತಿ ಬೀಳುತ್ತಿತ್ತು. 1685ರಲ್ಲಿ ಪ್ರೊಟೆಸ್ಟಂಟರ ಮೇಲೆ ಹಾಗೆಯೇ ಬಿತ್ತು. ಅವರ ಪೂಜೆಯನ್ನು ನಿಷೇಧಿಸಿದರು, ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟು ಓಡಿದರು. ರೈತರ ಮೇಲೆ ದಿನವೂ ಬೀಳುತ್ತಿತ್ತು. ತಾಯ್ ಎಂಬ ಮುಖ್ಯ ತೆರಿಗೆಯಿಂದ ಶ್ರೀಮಂತ ಮನೆತನಗಳಿಗೂ ಪಾದ್ರಿಗಳಿಗೂ ಬಹುಪಾಲು ವಿನಾಯಿತಿ ಇತ್ತು.

ಯುದ್ಧಗಳು ಬಂದವು, ಒಂದರ ಹಿಂದೆ ಒಂದು. ದುಡ್ಡಿಗಾಗಿ ಮತ್ತೆ ಹುದ್ದೆ ಮಾರಾಟ. ಶವಯಾತ್ರೆಗೆ ಡಂಗುರ ಸಾರುವ ಹುದ್ದೆಯನ್ನೂ ಸೃಷ್ಟಿಸಿ ಮಾರಿದರು. 1692ರಲ್ಲಿ ಪಟ್ಟಣಗಳ ಮೇಯರ್ ಹುದ್ದೆಯನ್ನೇ ಮಾರಾಟಕ್ಕಿಟ್ಟರು. ತಮ್ಮ ಮೇಯರನ್ನು ತಾವೇ ಆರಿಸಿಕೊಳ್ಳಲು ಎಷ್ಟೋ ಊರುಗಳು ರಾಜನಿಗೆ ದುಡ್ಡು ತೆತ್ತವು. 1709ರ ಚಳಿಗೆ ನದಿಗಳು ಹೆಪ್ಪುಗಟ್ಟಿದವು, ಬಿತ್ತಿದ ಗೋಧಿ ನೆಲದಲ್ಲೇ ಸತ್ತಿತು, ಜನ ಲಕ್ಷಗಟ್ಟಲೆ ಸತ್ತರು. ಜೂನ್‌ನಲ್ಲಿ ಲೂಯಿ ಪ್ರಾಂತಗಳಿಗೆ ಒಂದು ಪತ್ರ ಬರೆದ. ಶತ್ರುಗಳ ಷರತ್ತುಗಳನ್ನು ತಾನು ಯಾಕೆ ಒಪ್ಪಲಿಲ್ಲ ಅಂತ ಪ್ರಜೆಗಳಿಗೆ ವಿವರಿಸುವ ಪತ್ರ. ಎಪ್ಪತ್ತರ ಮುದುಕ ದೊರೆ, ಜನರ ಬೆಂಬಲ ಬೇಕು ಅಂತ ಕೇಳುವ ಸ್ಥಿತಿಗೆ ಬಂದಿದ್ದ.

ಲೂಯಿ 1715ರ ಸೆಪ್ಟೆಂಬರ್ 1ರಂದು ತೀರಿಕೊಂಡ. ‘ನಾನು ಹೋಗುತ್ತೇನೆ, ರಾಜ್ಯ ಉಳಿಯುತ್ತದೆ’ ಅಂತ ಹಾಸಿಗೆಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದವರು ಬರೆದಿಟ್ಟಿದ್ದಾರೆ. ಮರಿಮಗನಿಗೆ ಐದು ವರ್ಷ. ಅವನ ಪರವಾಗಿ ರಾಜ್ಯ ಹೇಗೆ ನಡೆಯಬೇಕು ಅಂತ ಲೂಯಿ ಉಯಿಲು ಬರೆದು, ಪ್ಯಾರಿಸ್ ಪಾರ್ಲೆಮಾನ್‌ನ ಗೋಡೆಯೊಳಗೆ, ಮೂರು ಬೀಗದ ಬಾಗಿಲ ಹಿಂದೆ ಇಡಿಸಿದ್ದ. ಸತ್ತ ಮರುದಿನವೇ ಅದೇ ಪಾರ್ಲೆಮಾನ್ ಉಯಿಲನ್ನು ಬದಿಗಿಟ್ಟು, ಲೂಯಿಯ ತಮ್ಮನ ಮಗ ಓರ್ಲೆಯಾನ್ ಡ್ಯೂಕನ ಕೈಗೆ ಪೂರ್ಣ ಅಧಿಕಾರ ಕೊಟ್ಟಿತು. ಅದೇ ತಿಂಗಳು, ದಾಖಲಿಸುವ ಮೊದಲೇ ತಕರಾರು ಹೇಳುವ ಹಕ್ಕನ್ನು ಅವನು ಪಾರ್ಲೆಮಾನ್‌ಗೆ ಹಿಂತಿರುಗಿಸಿದ. 1673ರ ಗೆಲುವು ಅಲ್ಲಿಗೆ ಮುಗಿಯಿತು.

ಮುಂದಿನದು ಬೇಗ ಹೇಳುತ್ತೇನೆ. 1771ರಲ್ಲಿ 15ನೇ ಲೂಯಿಯ ಮಂತ್ರಿ ಮೋಪೂ ಪ್ಯಾರಿಸ್‌ನ ನ್ಯಾಯಾಧೀಶರನ್ನು ಹೊರಗಟ್ಟಿ, ಸಂಬಳದ ನ್ಯಾಯಾಧೀಶರನ್ನು ಕೂರಿಸಿದ. ಮೂರೇ ವರ್ಷದಲ್ಲಿ 16ನೇ ಲೂಯಿ ಹಳಬರನ್ನು ವಾಪಸ್ ಕರೆಸಿಕೊಂಡ. ಆಮೇಲೆ ಅದೇ ನ್ಯಾಯಾಲಯಗಳು ಅವನ ತೆರಿಗೆಗಳಿಗೆ ಅಡ್ಡ ನಿಂತವು. 1787ರ ನವೆಂಬರ್‌ನಲ್ಲಿ ಒಂದು ದೊಡ್ಡ ಸಾಲಕ್ಕೆ ಅನುಮತಿ ಬೇಕಿತ್ತು. ಇದು ಕಾನೂನಿಗೆ ವಿರುದ್ಧ ಅಂತ ರಾಜನ ಸಂಬಂಧಿಯೇ ಸಭೆಯಲ್ಲಿ ಎದ್ದು ನಿಂತು ಹೇಳಿದ. ನಾನು ಬಯಸಿದ್ದೇನೆ, ಆದ್ದರಿಂದ ಕಾನೂನೇ, ಅಂದ ರಾಜ. ಹಳೆಯ ಲೂಯಿಯ ಬಾಯಲ್ಲಿ ನಾವು ಇಟ್ಟಿರುವ ಮಾತಿಗೆ ಹತ್ತಿರದ ಮಾತು ಇದು. ಇದನ್ನು ಆಡಿದವನು ಸಾಲ ಸಿಗದೆ ಒದ್ದಾಡುತ್ತಿದ್ದ ದೊರೆ.

ಇಲ್ಲಿ ನಮ್ಮ ನಾಡಿಗೂ ಒಂದು ನೇರ ನಂಟಿದೆ. 1788ರ ಆಗಸ್ಟ್ 10ರಂದು ವರ್ಸೈಲ್ಸ್‌ನಲ್ಲಿ 16ನೇ ಲೂಯಿಯ ಎದುರು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ನಿಂತಿದ್ದರು. ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯ ಬೇಕು, ಜೊತೆಗೆ ಕುಶಲಕರ್ಮಿಗಳು ಬೇಕು ಅಂತ ಅವರ ಬೇಡಿಕೆ. ಸ್ವಾಗತ ಅದ್ದೂರಿಯಾಗಿತ್ತು, ಸೇವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆಯೂ ಸಿಕ್ಕಿತು. ಆದರೆ ಎರಡು ದಿನದ ಹಿಂದಷ್ಟೇ ಆ ದೊರೆ ಬೇರೆ ದಾರಿ ಕಾಣದೆ, 1614ರ ನಂತರ ಕರೆಯದಿದ್ದ, ಪಾದ್ರಿಗಳು, ಶ್ರೀಮಂತ ಮನೆತನಗಳು, ಉಳಿದ ಜನ ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಮಹಾಸಭೆಗೆ ದಿನ ಗೊತ್ತು ಮಾಡಿದ್ದ. ಆರು ದಿನದ ಮೇಲೆ ಅವನ ಬೊಕ್ಕಸ ತನ್ನ ಪಾವತಿಗಳಲ್ಲಿ ಒಂದು ಪಾಲನ್ನು ನಿಲ್ಲಿಸಿತು. ಕೆಲವು ಕುಶಲಕರ್ಮಿಗಳು ಮೈಸೂರಿಗೆ ಬಂದರು. ಸೈನ್ಯ ಬರಲಿಲ್ಲ. 1792ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿ, ಅರ್ಧ ರಾಜ್ಯ ಬಿಟ್ಟುಕೊಟ್ಟ.

ನಮಸ್ಕಾರ.